ತೂಕ ಇಳಿಸುವ ಮೊದಲು ಒಂದು ಮಾತು

ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ಜೇನು, ನಿಂಬೆರಸ. ಮಧ್ಯಾಹ್ನ ಒಂದು ಬಟ್ಟಲು ಸೌತೆಕಾಯಿ. ಸಂಜೆ ಜೀರಿಗೆ ಕುದಿಸಿದ ನೀರು. ರಾತ್ರಿ ಏನೂ ಇಲ್ಲ.

ಇದು ಯಾವುದೋ ವ್ರತದ ನಿಯಮವಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದ ದಿನಚರಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗುರಿಯೂ ಇತ್ತು: ‘ಒಂದು ತಿಂಗಳು, ಎಂಟು ಕೆಜಿ’. ಶಾಲೆಯ ವಾರ್ಷಿಕೋತ್ಸವದ ನೃತ್ಯದಲ್ಲಿ ಅವಳಿಗೆ ಮುಂದಿನ ಸಾಲಿನಲ್ಲಿ ನಿಲ್ಲಬೇಕಿತ್ತಂತೆ.

ಅವಳ ಅಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಆ ಹಾಳೆಯ ಫೋಟೊ ಕಳಿಸಿ, ‘ಮೇಡಂ, ಬೈಯಲೋ ಸುಮ್ಮನಿರಲೋ ಗೊತ್ತಾಗ್ತಿಲ್ಲ’ ಎಂದಳು. ಎರಡೂ ಬೇಡ, ಮಗಳನ್ನು ಕರಕೊಂಡು ಬಾ ಎಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಉಪದೇಶ ಮಾಡುವುದಕ್ಕಿಂತ ಲೆಕ್ಕ ಮಾಡಿಸುವುದು ಸುಲಭ. ಹುಡುಗಿ ಬಂದಳು. ಕಾಗದ, ಪೆನ್ಸಿಲ್ ಮುಂದಿಟ್ಟೆ.

ನಾವಿಬ್ಬರೂ ಮಾಡಿದ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಮೈಯಲ್ಲಿರುವ ಒಂದು ಕಿಲೊ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಎಂಟು ಕಿಲೊಗೆ 61,600. ಅದನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,050 ಕ್ಯಾಲೊರಿ ಕಡಿಮೆ ತಿನ್ನಬೇಕು. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2,400 ಕ್ಯಾಲೊರಿ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಕಳೆದರೆ ಉಳಿಯುವುದು 350. ಅಂದರೆ ದಿನಕ್ಕೆ ಮೂರು ಒಣ ಚಪಾತಿ. ಅಷ್ಟರಲ್ಲೇ ಉಸಿರಾಡಬೇಕು, ಓದಬೇಕು, ಕುಣಿಯಬೇಕು, ಎತ್ತರವೂ ಬೆಳೆಯಬೇಕು!

ಹುಡುಗಿ ಬಗ್ಗುವವಳಲ್ಲ. ‘ಆದರೆ ಮಿಸ್, ಮೊದಲನೇ ವಾರದಲ್ಲೇ ಎರಡು ಕೆಜಿ ಇಳಿದಿದೆ’ ಎಂದಳು. ಅದು ಸುಳ್ಳಲ್ಲ. ಡಯಟ್ ಮಾಡುವ ಎಲ್ಲರನ್ನೂ ನಂಬಿಸುವುದು ಆ ಮೊದಲ ವಾರವೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲ ವಾರದ ಮಾಯೆ

ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಪಿಷ್ಟ ಸಕ್ಕರೆಯಾಗಿ, ಅದರಲ್ಲಿ ಒಂದಿಷ್ಟು ಗ್ಲೈಕೊಜೆನ್ ಎಂಬ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡಲ್ಪಡುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ನಾಳೆಗೆಂದು ಇಟ್ಟ ಅವಲಕ್ಕಿ ಇದ್ದ ಹಾಗೆ ಅದು. ದೊಡ್ಡವರ ಮೈಯಲ್ಲಿ ಅದು ಹೆಚ್ಚೆಂದರೆ 400–500 ಗ್ರಾಂ ಇರಬಹುದು. ಆದರೆ ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ.

ಊಟ ಬಿಟ್ಟರೆ ಅಥವಾ ಅನ್ನ, ರೊಟ್ಟಿ ಪೂರ್ತಿ ನಿಲ್ಲಿಸಿದರೆ ದೇಹ ಮೊದಲು ಈ ಡಬ್ಬಿಗೆ ಕೈಹಾಕುತ್ತದೆ. ಗ್ಲೈಕೊಜೆನ್ ಖಾಲಿಯಾಗುತ್ತಾ ಅದು ಹಿಡಿದಿಟ್ಟಿದ್ದ ನೀರೂ ಹೊರಹೋಗುತ್ತದೆ. ಎರಡೂ ಸೇರಿ ಒಂದೂವರೆ–ಎರಡು ಕಿಲೊ ಇಳಿಯಿತು! ತಕ್ಕಡಿ ಸಂತೋಷದ ಸುದ್ದಿ ಕೊಡುತ್ತದೆ. ಆದರೆ ಇಳಿದದ್ದರಲ್ಲಿ ಕೊಬ್ಬಿನ ಪಾಲು ತೀರಾ ಕಡಿಮೆ. ಯಾರದೋ ಮದುವೆಮನೆಯಲ್ಲಿ ಎರಡು ದಿನ ಚೆನ್ನಾಗಿ ಉಂಡರೆ ಡಬ್ಬಿ ತುಂಬುತ್ತದೆ, ನೀರು ಮರಳುತ್ತದೆ, ತೂಕವೂ ಮರಳುತ್ತದೆ. ಆಗ ನಾವು ‘ಎರಡು ಹೋಳಿಗೆ ತಿಂದರೆ ಎರಡು ಕೆಜಿ ಏರುತ್ತೆ ಕಣ್ರೀ’ ಎಂದು ಹೋಳಿಗೆಯನ್ನು ಬೈಯುತ್ತೇವೆ. ಪಾಪ, ಹೋಳಿಗೆ ಏನು ಮಾಡೀತು?

ಉಪವಾಸ ಮುಂದುವರಿದರೆ ದೇಹ ಕೊಬ್ಬನ್ನೂ ಕರಗಿಸುತ್ತದೆ. ಆದರೆ ಕೊಬ್ಬನ್ನು ಮಾತ್ರವಲ್ಲ, ಸ್ನಾಯುವನ್ನೂ ಒಡೆದು ಉರಿಸುತ್ತದೆ. ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು. ನೀರು ಹೋದರೂ, ಸ್ನಾಯು ಹೋದರೂ, ಕೊಬ್ಬು ಹೋದರೂ ಅದು ತೋರಿಸುವುದು ಒಂದೇ ಅಂಕಿ. ಸ್ನಾಯು ಕಳೆದುಕೊಂಡ ಮೈ ಕೂತಲ್ಲಿ ಕೂತು ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಮತ್ತೆ ಮಾಮೂಲಿ ಊಟ ಶುರುಮಾಡಿದಾಗ ತೂಕ ಬೇಗ ಏರುವುದಕ್ಕೆ ಇದೂ ಒಂದು ಕಾರಣ.

36 ಯುವಕರ ಹಸಿವು

ಕಡಿಮೆ ತಿನ್ನುವುದು ಮೈಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡವರು ಅಮೆರಿಕದ ಒಂದು ಪ್ರಯೋಗದ ಕಥೆ ಕೇಳಬೇಕು. ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಯೂರೋಪಿನಲ್ಲಿ ಲಕ್ಷಾಂತರ ಜನ ಅರೆಹೊಟ್ಟೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಹೇಗೆ ಉಣಿಸಬೇಕು ಎಂದು ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರ ನವೆಂಬರ್‌ನಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಕೈಯಲ್ಲಿ ಬಂದೂಕು ಹಿಡಿಯುವುದಿಲ್ಲ ಎಂದು ಯುದ್ಧ ನಿರಾಕರಿಸಿದ್ದ 36 ಯುವಕರು ಸ್ವಇಚ್ಛೆಯಿಂದ ಮುಂದೆ ಬಂದರು. ಎಲ್ಲರೂ ಗಟ್ಟಿಮುಟ್ಟು, ಮನಸ್ಸೂ ಗಟ್ಟಿ.

ಅವರಿಗೆ 24 ವಾರ ಕೊಟ್ಟದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ. ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿ. ಈಗ ಊರೆಲ್ಲಾ ಓಡಾಡುವ ಎಷ್ಟೋ ಡಯಟ್ ಪಟ್ಟಿಗಳಲ್ಲಿ ಇರುವುದು 1,200. ಅದಕ್ಕಿಂತ ಇದೇ ಹೆಚ್ಚು!

ಯುವಕರ ತೂಕ ಕಾಲುಭಾಗದಷ್ಟು ಇಳಿಯಿತು. ಅದು ನಿರೀಕ್ಷಿಸಿದ್ದೇ. ಉಳಿದದ್ದು ನೋಡಿ. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ನಾಡಿ ನಿಧಾನವಾಯಿತು, ತಲೆ ಸುತ್ತುತ್ತಿತ್ತು, ಕೂದಲು ಉದುರಿತು. ಮಾತುಮಾತಿಗೆ ಸಿಟ್ಟು, ಇಲ್ಲವೇ ಮಂಕು. ಗೆಳೆತನ, ಓದು, ಆಟ ಯಾವುದೂ ಬೇಡ. ತಲೆತುಂಬ ಊಟದ್ದೇ ಯೋಚನೆ. ಅಡುಗೆಯ ಪುಸ್ತಕಗಳನ್ನು ಕಾದಂಬರಿಯ ಹಾಗೆ ಓದಿದರು, ಅಡುಗೆಯ ವಿಧಾನಗಳನ್ನು ಬರೆದು ಕೂಡಿಟ್ಟರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಹೊಟ್ಟೆತುಂಬ ಊಟ ಸಿಕ್ಕ ಮೇಲೂ ಕೆಲವರಿಗೆ ವಾರಗಟ್ಟಲೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. 1950ರಲ್ಲಿ ಕೀಸ್ ಮತ್ತು ಸಂಗಡಿಗರು ಇದನ್ನೆಲ್ಲ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು.

ಇದನ್ನು ಯಾಕೆ ಹೇಳಿದೆ ಎಂದರೆ, ಡಯಟ್ ಮಾಡಿ ಸೋತವರೆಲ್ಲ ತಮ್ಮನ್ನೇ ಬೈದುಕೊಳ್ಳುತ್ತಾರೆ. ‘ನನಗೆ ಮನೋಬಲ ಇಲ್ಲ’ ಎನ್ನುತ್ತಾರೆ. ಜೈಲಿಗೆ ಹೋದರೂ ಸರಿ, ಯುದ್ಧ ಮಾಡುವುದಿಲ್ಲ ಎಂದು ನಿಂತವರಿಗಿಂತ ಮನೋಬಲ ಬೇಕೇ? ಅವರನ್ನೂ ಹಸಿವು ಬಗ್ಗಿಸಿತು. ರಾತ್ರಿ ಊಟ ಬಿಟ್ಟ ಹುಡುಗಿ ಹನ್ನೊಂದು ಗಂಟೆಗೆ ಎದ್ದು ಬಿಸ್ಕತ್ತಿನ ಪೊಟ್ಟಣ ಪೂರ್ತಿ ಖಾಲಿ ಮಾಡಿದರೆ ಅದು ಅವಳ ಚಪಲವಲ್ಲ. ಹಸಿದ ಮೈ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ ಅದು.

ಹಳೇ ಸರಕು, ಹೊಸ ಪೊಟ್ಟಣ

ಈ ಡಯಟ್‌ಗಳು ನಿನ್ನೆ ಮೊನ್ನೆ ಹುಟ್ಟಿದವು ಎಂದುಕೊಳ್ಳಬೇಡಿ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ತಾನು ತೂಕ ಇಳಿಸಿದ ಕಥೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ವೃತ್ತಿ. ಬ್ರೆಡ್, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ಮಾಂಸ, ಮೀನು ಹೆಚ್ಚು ತಿಂದೆ ಎಂದು ಬರೆದಿದ್ದ. ಅದು ಎಷ್ಟು ಜನಪ್ರಿಯವಾಯಿತೆಂದರೆ ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ಡಯಟ್ ಮಾಡುವುದಕ್ಕೆ ‘ಬಾಂಟಾ’ ಎನ್ನುತ್ತಾರೆ! ಈಗ ಹೊಸ ಹೆಸರುಗಳಲ್ಲಿ ಬರುವ ‘ಅನ್ನ ಬಿಡಿ, ರೊಟ್ಟಿ ಬಿಡಿ’ ಪಥ್ಯಗಳಿಗೆ ಅವನೇ ಅಜ್ಜ.

ಪಥ್ಯವಾದರೂ ಪರವಾಗಿಲ್ಲ, ಗುಳಿಗೆಗಳ ಕಥೆ ಭಯಂಕರ. 1930ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೊಫಿನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸುವ ಮದ್ದೆಂದು ಮಾರಿದರು. ಮೊದಲನೇ ಮಹಾಯುದ್ಧದಲ್ಲಿ ಸ್ಫೋಟಕ ತಯಾರಿಸಲು ಬಳಸಿದ್ದ ವಸ್ತು ಅದು. ತೂಕ ಇಳಿಯಿತು ನಿಜ. ಜೊತೆಗೆ ಮೈ ಕುಲುಮೆಯಂತೆ ಕಾದು ಕೆಲವರು ಸತ್ತರು. ಎಷ್ಟೋ ಯುವತಿಯರಿಗೆ ಕಣ್ಣಿನ ಪೊರೆ ಬಂತು. 1938ರಲ್ಲಿ ಅದನ್ನು ಮನುಷ್ಯರ ಬಳಕೆಗೆ ಯೋಗ್ಯವಲ್ಲವೆಂದು ನಿಲ್ಲಿಸಬೇಕಾಯಿತು. ಇನ್ನೂ ಈಚಿನದು ಸಿಬುಟ್ರಮೀನ್. ಹೃದಯಕ್ಕೆ ಅಪಾಯವೆಂದು ಗೊತ್ತಾಗಿ 2011ರಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಅಷ್ಟಾದರೂ ‘ನೂರಕ್ಕೆ ನೂರು ಗಿಡಮೂಲಿಕೆ’ ಎಂಬ ಚೀಟಿ ಅಂಟಿಸಿದ ಸ್ಲಿಮ್ಮಿಂಗ್ ಮಾತ್ರೆಗಳಲ್ಲಿ ಇದೇ ಸಿಬುಟ್ರಮೀನ್ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿ ಎಚ್ಚರಿಸಿದ್ದಾರೆ. ಹೆಸರಿಲ್ಲದ ಕಂಪನಿಯ ಪುಡಿಯನ್ನು ಯಾರೋ ಪರಿಚಯದವರು ಮನೆಬಾಗಿಲಿಗೆ ತಂದುಕೊಟ್ಟರೆ ಒಳಗೆ ಸೇರಿಸಬೇಡಿ.

2025ರಲ್ಲಿ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಅವು ಔಷಧಿಗಳೇ. ಸ್ಥೂಲಕಾಯದಿಂದ ಕಾಯಿಲೆಬಿದ್ದವರಿಗೆ ವೈದ್ಯರು ಪರೀಕ್ಷಿಸಿ, ನಿಗಾ ಇಟ್ಟು ಕೊಡುವಂಥವು. ಅಕ್ಕನ ಮದುವೆಗೆ ಲಂಗದಾವಣಿ ಹಿಡಿಸಬೇಕೆಂದು ಚುಚ್ಚಿಸಿಕೊಳ್ಳುವಂಥವಲ್ಲ.

ಬೆಳೆಯುವ ಮೈಗೆ ಬೇರೆ ಲೆಕ್ಕ

ನಾನು ಪಾಠ ಮಾಡಲು ಸೇರಿದ ಕಾಲದಲ್ಲಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಆಗಾಗ ಒಂದೊಂದು ಮಗು ಕುಸಿದು ಬೀಳುತ್ತಿತ್ತು. ನೀರು ಚಿಮುಕಿಸಿ, ಸ್ಟಾಫ್ ರೂಮಿಗೆ ಕರೆದೊಯ್ದು ‘ಏನು ತಿಂದು ಬಂದೆ?’ ಎಂದು ಕೇಳಿದರೆ ತಲೆ ತಗ್ಗಿಸುತ್ತಿತ್ತು. ಮನೆಯಲ್ಲಿ ಇರುತ್ತಿರಲಿಲ್ಲ. ನಿವೃತ್ತಿಯ ಹೊತ್ತಿಗೂ ಪ್ರಾರ್ಥನೆಯಲ್ಲಿ ಮಕ್ಕಳು ಬೀಳುತ್ತಿದ್ದರು. ಅದೇ ಪ್ರಶ್ನೆ ಕೇಳಿದರೆ ಉತ್ತರ ಬೇರೆ: ‘ಅಮ್ಮ ದೋಸೆ ಮಾಡಿದ್ರು ಮಿಸ್, ನಾನೇ ಬೇಡ ಅಂದೆ.’ ಬಡತನದ ಹಸಿವಿಗೆ ಊಟ ಕೊಟ್ಟರೆ ಮುಗಿಯಿತು. ಈ ಹೊಸ ಹಸಿವಿಗೆ ಊಟ ಎದುರಿಗಿದ್ದರೂ ಪ್ರಯೋಜನವಿಲ್ಲ.

ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಮೈ ತುಂಬಿಕೊಳ್ಳುವುದು ಪ್ರಕೃತಿಯ ನಿಯಮ. ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಕಾಯಿಲೆಯಲ್ಲ, ಮುಂದಿನ ಬೆಳವಣಿಗೆಗೆ ಮೈ ಮಾಡಿಕೊಳ್ಳುವ ಸಿದ್ಧತೆ. ಕೆಲವು ಮಕ್ಕಳು ಮೊದಲು ಉಬ್ಬಿದಂತೆ ಕಂಡು ಆಮೇಲೆ ಸರ್ರನೆ ಎತ್ತರವಾಗುತ್ತಾರೆ. ಈ ಹೊತ್ತಿನಲ್ಲಿ ಊಟ ಕಡಿದರೆ ಕಡಿಯುವುದು ಕೊಬ್ಬನ್ನಷ್ಟೇ ಅಲ್ಲ, ಎತ್ತರವನ್ನೂ.

ಮೂಳೆಯ ಮಾತಂತೂ ಹೇಳಲೇಬೇಕು. ಬದುಕಿನುದ್ದಕ್ಕೂ ನಮ್ಮನ್ನು ಹೊರುವ ಮೂಳೆಯ ಬಂಡವಾಳದಲ್ಲಿ ಸುಮಾರು ಶೇ 90ರಷ್ಟು ಹುಡುಗಿಯರಲ್ಲಿ 18ರ ಹೊತ್ತಿಗೆ, ಹುಡುಗರಲ್ಲಿ 20ರ ಹೊತ್ತಿಗೆ ಜಮೆಯಾಗಿಬಿಡುತ್ತದೆ. ಆಮೇಲೆ ಹೆಚ್ಚಾಗಿ ಖರ್ಚೇ. ಆ ವಯಸ್ಸಿನಲ್ಲಿ ಹಾಲು, ಮೊಸರು, ರಾಗಿ, ಸೊಪ್ಪು, ಎಳ್ಳು ತಿನ್ನದೆ ಸೌತೆಕಾಯಿ ತಿಂದು ಕಳೆದವಳು ಐವತ್ತರಲ್ಲಿ ಜಾರಿಬಿದ್ದಾಗ ಅದರ ಬೆಲೆ ಕಟ್ಟಬೇಕಾಗಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಇಪ್ಪತ್ತನೇ ಒಂದು ಭಾಗವೂ ಇಲ್ಲ. ‘ಮುದ್ದೆ ತಿಂದರೆ ದಪ್ಪ ಆಗ್ತೀನಿ’ ಎನ್ನುವ ಮಗಳಿಗೆ ಇದನ್ನು ಹೇಳಿ.

ಇನ್ನು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಮೊದಲೇ ತೆಳ್ಳಗಿರುವ ರಕ್ತ, ಅದರ ಮೇಲೆ ಉಪವಾಸ. ಸುಸ್ತು, ಮರೆವು, ಪಾಠದಲ್ಲಿ ಗಮನವಿಲ್ಲದಿರುವುದಕ್ಕೆ ಟ್ಯೂಷನ್ ಸೇರಿಸಿದರೆ ಏನು ಪ್ರಯೋಜನ? ಊಟ ತೀರಾ ಕಡಿಮೆಯಾದರೆ ತಿಂಗಳ ಮುಟ್ಟೂ ನಿಂತುಹೋಗಬಹುದು. ‘ಈಗ ನನ್ನಲ್ಲಿ ಅಷ್ಟು ಶಕ್ತಿ ಇಲ್ಲ’ ಎಂದು ಮೈ ಕೊಡುವ ಲಿಖಿತ ನೋಟಿಸ್ ಅದು.

‘ಬಿಎಂಐ ನೋಡಿದ್ವಿ ಮೇಡಂ, ಹೆಚ್ಚಿದೆ’ ಎಂದು ಕೆಲವು ಪೋಷಕರು ಹೇಳುತ್ತಾರೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕೆಟ್ಲೆಯದು, 1832ರದು. ಅವನು ವೈದ್ಯನಲ್ಲ. ಜನಸಮುದಾಯದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಹುಡುಕುತ್ತಿದ್ದವನು. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಆಗಲೇ ಹೇಳಿದ ಅದೇ ಆನ್ಸೆಲ್ ಕೀಸ್ ಅವರಿಂದ. ದೊಡ್ಡವರಿಗೆ ಅದೊಂದು ಅಂದಾಜು. ದೊಡ್ಡವರ ಅಂಕಿಗಳನ್ನು ಮಕ್ಕಳಿಗೆ ಹಚ್ಚಲೇಬಾರದು. ಮಕ್ಕಳಿಗೆ ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆ ಬೇರೆಯೇ ಇದೆ. ಮಕ್ಕಳ ವೈದ್ಯರ ಹತ್ತಿರ ಅದು ಇರುತ್ತದೆ. ಒಂದು ದಿನದ ತೂಕವಲ್ಲ, ಎರಡು ಮೂರು ವರ್ಷದಲ್ಲಿ ಗೆರೆ ಹೇಗೆ ಸಾಗಿದೆ ಎಂಬುದನ್ನು ಅವರು ನೋಡುತ್ತಾರೆ.

ಡಯಟ್ ರೋಗವಾಗುವಾಗ

ಎಲ್ಲ ಡಯಟ್‌ಗಳೂ ವಾರ್ಷಿಕೋತ್ಸವದ ಜೊತೆ ಮುಗಿಯುವುದಿಲ್ಲ. ಕೆಲವು ಮಕ್ಕಳಲ್ಲಿ ಅದು ಒಳಗೆ ಬೇರು ಬಿಡುತ್ತದೆ. ಅಮೆರಿಕದ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ತೂಕ ಇಳಿಸಲು ಶುರುಮಾಡಿದ್ದು ಹದಿಹರೆಯದಲ್ಲಿ, ಅದೂ ವೈದ್ಯರ ಸಲಹೆಯಂತೆ. ಮುಂದೆ ಅದು ಅನೊರೆಕ್ಸಿಯಾ ಎಂಬ ಕಾಯಿಲೆಯಾಯಿತು. ಮೂಳೆಚಕ್ಕಳವಾದರೂ ತಾನಿನ್ನೂ ದಪ್ಪ ಎನಿಸುವ ಕಾಯಿಲೆ. 1983ರಲ್ಲಿ, 32ನೇ ವಯಸ್ಸಿನಲ್ಲಿ, ಆಕೆಯ ಹೃದಯ ನಿಂತಿತು. ಲೋಕವೆಲ್ಲ ಕೇಳುತ್ತಿದ್ದ ಕಂಠ ಅದು. ಈ ಕಾಯಿಲೆಯ ಹೆಸರು ಸಾಮಾನ್ಯ ಜನರ ಕಿವಿಗೆ ಬಿದ್ದದ್ದೇ ಆ ಸಾವಿನ ನಂತರ.

ತಾಯಂದಿರು, ತಂದೆಯಂದಿರು, ಟೀಚರುಗಳು ಗಮನಿಸಬೇಕಾದ ಗುರುತುಗಳಿವು. ಮಗು ಎಲ್ಲರ ಜೊತೆ ಕೂತು ಉಣ್ಣುವುದನ್ನು ತಪ್ಪಿಸುವುದು, ‘ಆಗಲೇ ತಿಂದೆ’ ಎಂಬ ಮಾತು ದಿನಾ ಕೇಳುವುದು. ಡಬ್ಬಿ ಖಾಲಿಯಾಗಿ ಬಂದರೂ ಮಗು ಸೊರಗುವುದು. ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ದಿನಕ್ಕೆ ನಾಲ್ಕು ಸಲ ತೂಕ ನೋಡಿಕೊಳ್ಳುವುದು. ಸೆಖೆಯಲ್ಲೂ ಸ್ವೆಟರ್ ಹಾಕುವುದು. ಕೂದಲು ಉದುರುವುದು, ಮುಟ್ಟು ನಿಲ್ಲುವುದು. ಇಂಥ ಎರಡು ಮೂರು ಗುರುತುಗಳು ಒಟ್ಟಿಗೆ ಕಂಡರೆ ಬೈದು ಬಲವಂತವಾಗಿ ತುರುಕಲು ಹೋಗಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಮನಸ್ಸಿನ ವಿಷಯ ಯಾರ ಹತ್ತಿರ ಮಾತಾಡುವುದು ಎಂಬ ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಡುಗರಿಗೂ ಇದು ಬರುತ್ತದೆ ಎಂಬುದನ್ನು ಮರೆಯಬೇಡಿ. ಹುಡುಗಿ ತೆಳ್ಳಗಾಗಲು ಒದ್ದಾಡಿದರೆ, ಹುಡುಗ ‘ಸಿಕ್ಸ್ ಪ್ಯಾಕ್’ ಎಂದು ಒದ್ದಾಡುತ್ತಾನೆ.

ಹಾಗಾದರೆ ತೂಕ ಹೆಚ್ಚಿರುವ ಮಗುವಿಗೆ?

‘ತೂಕವೇ ಸಮಸ್ಯೆಯಲ್ಲವೋ?’ ಎಂದು ನೀವು ಕೇಳಬಹುದು. ಹೌದು, ನಿಜವಾಗಿಯೂ ತೂಕ ಮಿತಿಮೀರಿದ ಮಕ್ಕಳಿದ್ದಾರೆ, ಹೆಚ್ಚುತ್ತಿದ್ದಾರೆ. ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಹಾದಿಯಲ್ಲಿದ್ದಾರೆ. ಆದರೆ ಬೆಳೆಯುವ ಮಗುವಿಗೆ ಒಂದು ಅನುಕೂಲವಿದೆ. ಎಷ್ಟೋ ಮಕ್ಕಳು ತೂಕ ಇಳಿಸಬೇಕಾಗಿಯೇ ಇಲ್ಲ, ಏರದಂತೆ ತಡೆದರೆ ಸಾಕು. ಎತ್ತರ ಬೆಳೆಯುತ್ತಾ ಹೋದ ಹಾಗೆ ತೂಕ ಅದಕ್ಕೆ ಸರಿಹೊಂದುತ್ತದೆ. ಅದಕ್ಕೆ ಮಗುವಿನ ತಟ್ಟೆಯಿಂದ ಅನ್ನ ಕಿತ್ತುಕೊಳ್ಳಬೇಕಿಲ್ಲ, ಮನೆಗೆ ಬರುವ ಸಾಮಾನು ನೋಡಬೇಕು.

ಮೊದಲನೆಯದು ಕುಡಿಯುವ ಸಕ್ಕರೆ. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಟೀ ಚಮಚ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಬಾಟಲಿಗೆ ದಿನದ ಲೆಕ್ಕ ಮುಗಿದು ಸಾಲವಾಯಿತು! ಕುಡಿದ ಸಕ್ಕರೆ ಹೊಟ್ಟೆ ತುಂಬಿದ ಹಾಗೂ ಅನಿಸುವುದಿಲ್ಲ. ‘ನಾವು ಕೋಲಾ ಕೊಡಲ್ಲ, ಹೆಲ್ತ್ ಡ್ರಿಂಕ್ ಕೊಡ್ತೀವಿ’ ಎನ್ನುವವರೂ ಡಬ್ಬಿಯ ಹಿಂಬದಿ ಓದಿ. ನಮ್ಮ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಅಂಥ ಪಾನೀಯಗಳನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಲು ಹೇಳಿತು. ಜೇನು, ಬೆಲ್ಲವೂ ಸಕ್ಕರೆಯ ಬಳಗವೇ. ಬಣ್ಣ ಬೇರೆ ಎಂದು ಲೆಕ್ಕದಿಂದ ಬಿಡುವಂತಿಲ್ಲ.

ಎರಡನೆಯದು ಪೊಟ್ಟಣ. ಆಲೂ ಚಿಪ್ಸ್‌ನ ತೂಕದಲ್ಲಿ ಮೂರನೇ ಒಂದು ಭಾಗ ಎಣ್ಣೆ. ಪೊಟ್ಟಣದ ಹಿಂದೆ ಇರುವ ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಇದ್ದರೆ ಮುಂಭಾಗದಲ್ಲಿ ಏನು ಚಿತ್ರ ಬರೆದಿದ್ದರೂ ಒಳಗಿರುವುದು ಅವೇ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೆ ಮತ್ತು ಶಾಲೆಯ ಗೇಟಿನಿಂದ 50 ಮೀಟರ್ ಸುತ್ತ ಮಕ್ಕಳಿಗೆ ಮಾರಬಾರದೆಂದು 2020ರಲ್ಲೇ ನಿಯಮ ಬಂದಿದೆ. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಿ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆಯೆಂದು ಮಕ್ಕಳಿಗೆ ತೋರಿಸಿ ಎಂದಿತು. ಒಳ್ಳೆಯ ಕೆಲಸ. ಆ ಬೋರ್ಡಿಗೆ ಮನೆಯ ಫ್ರಿಜ್ಜಿನ ಬಾಗಿಲಿನಲ್ಲೂ ಜಾಗವಿದೆ.

ಮೂರನೆಯದು ನಮ್ಮ ತಟ್ಟೆ. ಮದುವೆಮನೆ ಎಲೆಯನ್ನು ನೆನೆಸಿಕೊಳ್ಳಿ. ಕೋಸಂಬರಿ, ಎರಡು ಬಗೆ ಪಲ್ಯ, ಹುಳಿ, ತೊವ್ವೆ, ಸಾರು, ಮಜ್ಜಿಗೆ, ನಡುವೆ ಅನ್ನ. ದಿನನಿತ್ಯದ ತಟ್ಟೆಯಲ್ಲಿ ಮಾತ್ರ ಅನ್ನ ಗುಡ್ಡದಷ್ಟು, ಪಲ್ಯ ಉಪ್ಪಿನಕಾಯಿಯಷ್ಟು. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45 ಮೀರದಿರಲಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಅನ್ನ ಬಿಡಿ ಎಂದಲ್ಲ, ಅನ್ನಕ್ಕೆ ನೆರೆಹೊರೆ ಇರಲಿ ಎಂದು. ಬೇಳೆ, ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿ. ತಿನ್ನುವವರಾದರೆ ಮೊಟ್ಟೆ, ಮೀನೂ ಇರಲಿ. ಉಪ್ಪಿಟ್ಟಿಗೆ ಕ್ಯಾರೆಟ್, ಬೀನ್ಸ್, ಬಟಾಣಿ ಧಾರಾಳವಾಗಿ ಬೀಳಲಿ. ಸಂಜೆ ನಾಲ್ಕಕ್ಕೆ ಹಸಿದು ಬಂದ ಮಗುವಿಗೆ ಬೇಕರಿ ಪಫ್ಸ್ ಬದಲು ಕಡಲೆಕಾಳು ಉಸಲಿ, ಬೇಯಿಸಿದ ಶೇಂಗಾ, ಬಾಳೆಹಣ್ಣು ಕಾದಿರಲಿ. ಹಸಿವು ಕಾಯುವುದಿಲ್ಲ, ಯಾವುದು ಮೊದಲು ಕೈಗೆ ಸಿಕ್ಕಿತೋ ಅದೇ ಅದರ ಊಟ.

ಬೇಕರಿ ತಿಂಡಿ, ಗೋಬಿ ಮಂಚೂರಿ ಎಂದೂ ಬೇಡವೇ? ಹಾಗೇನಿಲ್ಲ. ಪೂರ್ತಿ ನಿಷೇಧಿಸಿದ ತಿಂಡಿಯ ಮೇಲೆ ಮಕ್ಕಳಿಗೆ ಆಸೆ ಇಮ್ಮಡಿ. ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಹೋಗಿ ತಿಂದು ಬನ್ನಿ, ಕದ್ದು ತಿನ್ನುವ ಸ್ಥಿತಿ ತರಬೇಡಿ. ನಮ್ಮ ಏಕಾದಶಿ ಉಪವಾಸ ಗೊತ್ತಲ್ಲ? ಅನ್ನ ಬಿಟ್ಟು ಅವಲಕ್ಕಿ, ಸಬ್ಬಕ್ಕಿ ವಡೆ, ಬಾಳೆಹಣ್ಣಿನ ರಸಾಯನ ಎಂದು ಮಾಮೂಲಿಗಿಂತ ಹೆಚ್ಚೇ ತಿಂದಿರುತ್ತೇವೆ. ‘ಇಲ್ಲ’ ಎನ್ನುವ ಮಾತಿಗೆ ನಾಲಿಗೆ ಹೇಗೋ ಒಂದು ದಾರಿ ಹುಡುಕುತ್ತದೆ.

ಇಷ್ಟರ ಜೊತೆಗೆ ದಿನಕ್ಕೆ ಒಂದು ಗಂಟೆ ಬೆವರುವ ಆಟ, ರಾತ್ರಿ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ, ಊಟದ ಹೊತ್ತಿಗೆ ಟೀವಿ, ಮೊಬೈಲ್ ಆಫ್. ಮಗುವಿಗೊಂದು, ಅಪ್ಪನಿಗೊಂದು ಕಾನೂನು ಬೇಡ. ಅಪ್ಪ ಚಿಪ್ಸ್ ಪೊಟ್ಟಣ ಹಿಡಿದು ಕ್ರಿಕೆಟ್ ನೋಡುತ್ತಾ ‘ಪುಟ್ಟೀ, ನೀನು ಸೌತೆಕಾಯಿ ತಿನ್ನು’ ಎಂದರೆ ಯಾವ ಪುಟ್ಟಿ ಕೇಳುತ್ತಾಳೆ?

ನಾಲಿಗೆಯ ಇನ್ನೊಂದು ಕೆಲಸ

ಲೆಕ್ಕ ಮುಗಿದ ಮೇಲೆ ಆ ಹುಡುಗಿಯನ್ನು ಕೇಳಿದೆ, ‘ನೀನು ದಪ್ಪ ಅಂತ ಮೊದಲು ಹೇಳಿದ್ದು ಯಾರು?’ ಕನ್ನಡಿ ಎಂದಾಳು ಎಂದುಕೊಂಡಿದ್ದೆ. ‘ಅತ್ತೆ’ ಎಂದಳು. ಹಬ್ಬಕ್ಕೆ ಬಂದವರು ನಡುಮನೆಯಲ್ಲಿ ಎಲ್ಲರೆದುರು ‘ಏನೇ, ಡ್ರಮ್ಮಿನ ಹಾಗಾಗಿದ್ದೀಯಾ, ನಾಳೆ ಗಂಡು ಎಲ್ಲಿಂದ ತರೋದು?’ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳ ಅಮ್ಮನೂ ನಕ್ಕಿದ್ದಳು. ಅದನ್ನು ಕೇಳಿ ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ಬಾಡಿತು. ಅಂದು ಅವರಿಬ್ಬರೂ ಮನೆಗೆ ಹೋಗಿ ಒಟ್ಟಿಗೆ ಕೂತು ಊಟ ಮಾಡಿದರು ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಈಗ ಹುಡುಗಿ ನೃತ್ಯದ ಅಭ್ಯಾಸಕ್ಕೆ ಎರಡು ದೋಸೆ ತಿಂದೇ ಹೋಗುತ್ತಾಳೆ, ಸುಸ್ತಿಲ್ಲದೆ ಕುಣಿಯುತ್ತಾಳಂತೆ.

ನಮ್ಮಲ್ಲಿ ತೂಕದ ವಿಷಯ ಕ್ಷೇಮಸಮಾಚಾರದಷ್ಟೇ ಸಲೀಸು. ದಪ್ಪಗಿದ್ದರೆ ‘ಯಾವ ಅಕ್ಕಿ ಊಟ?’, ತೆಳ್ಳಗಿದ್ದರೆ ‘ಮನೇಲಿ ಊಟ ಹಾಕಲ್ವಾ?’ ಆಡಿದವರು ಕಾಫಿ ಕುಡಿದು ಮರೆತು ಹೋಗುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ. ಅಮ್ಮಂದಿರು ಕನ್ನಡಿಯೆದುರು ತಮ್ಮನ್ನೇ ‘ಎಮ್ಮೆ ಆಗಿದ್ದೀನಿ’ ಎಂದು ಬೈದುಕೊಳ್ಳುವುದನ್ನೂ ಮಕ್ಕಳು ಕೇಳುತ್ತಿರುತ್ತಾರೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಹಿರಿಯರು ಊಟ, ಮಾತು ಎರಡನ್ನೂ ಒಂದೇ ಗಾದೆಯಲ್ಲಿ ಇಟ್ಟಿದ್ದಾರೆ.

ಮಕ್ಕಳೇ, ನಿಮಗೊಂದು ಮಾತು. ನಿಮ್ಮ ಮೈ ಇನ್ನೂ ಕಟ್ಟಡ ಏಳುತ್ತಿರುವ ಮನೆ. ಗೋಡೆ ಏಳುವಾಗ ಇಟ್ಟಿಗೆ ಸಾಗಿಸುವುದನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ಯಾರಾದರೂ ನಿಮ್ಮ ಮೈಯನ್ನು ಆಡಿಕೊಂಡರೆ, ಊಟ ಬಿಡುವ ಬದಲು ನಂಬಿಕೆಯ ದೊಡ್ಡವರೊಬ್ಬರ ಹತ್ತಿರ ಹೇಳಿ. ನಿಮ್ಮ ಗೆಳತಿ ಡಬ್ಬಿಯ ಊಟವನ್ನು ಕಸಕ್ಕೆ ಸುರಿಯುವುದು ಕಂಡರೆ ಅದನ್ನು ಟೀಚರಿಗೆ ತಿಳಿಸುವುದು ಚಾಡಿಯಲ್ಲ.

ದೊಡ್ಡವರಿಗೆ ಈ ಭಾನುವಾರಕ್ಕೆ ಒಂದು ಮನೆಗೆಲಸ. ಅಡುಗೆಮನೆಯ ಕಪಾಟಿನಲ್ಲಿರುವ ಪೊಟ್ಟಣ, ಡಬ್ಬಿಗಳನ್ನೆಲ್ಲ ಮಕ್ಕಳ ಜೊತೆ ಕೂತು ಹೊರಗೆ ತೆಗೆಯಿರಿ. ಒಂದೊಂದರಲ್ಲೂ ನೂರು ಗ್ರಾಂಗೆ ಎಷ್ಟು ಸಕ್ಕರೆ, ಎಷ್ಟು ಎಣ್ಣೆ ಎಂದು ಅವರೇ ಓದಿ ಹೇಳಲಿ, ಸಕ್ಕರೆಯನ್ನು ಚಮಚದಲ್ಲಿ ಅಳೆದು ಬಟ್ಟಲಿಗೆ ಸುರಿಯಲಿ. ಆಮೇಲೆ ಯಾವುದನ್ನು ಮುಂದಿನ ತಿಂಗಳ ಸಾಮಾನಿನ ಚೀಟಿಯಿಂದ ಬಿಡಬೇಕು ಎಂಬುದನ್ನು ಮಕ್ಕಳೇ ಬರೆಯಲಿ. ಬಚ್ಚಲುಮನೆಯ ಪಕ್ಕ ತೂಕದ ಯಂತ್ರ ಇಟ್ಟಿದ್ದರೆ ಅದನ್ನು ಎತ್ತಿ ಅಟ್ಟಕ್ಕೆ ಹಾಕಿ. ಮಗುವಿನ ತೂಕವನ್ನು ವೈದ್ಯರ ಹತ್ತಿರ ಹೋದಾಗ ನೋಡಿಸಿದರೆ ಸಾಕು.